ಬಲೆ ತುಂಬಿದ ಮಾತ್ರಕ್ಕೆ

ಪ್ರಿಯ ಗೆಳೆಯಾ,

ಮಲ್ಪೆ ಬಂದರಿನ ದಕ್ಕೆಯಲ್ಲಿ ರಾಶಿ ಬಿದ್ದ ಬೂತಾಯಿ ಮೀನಿನ ಚಿತ್ರ ಕಳುಹಿಸಿ, "ಕಡಲು ಕೆಟ್ಟಿತು ಎನ್ನುವವನೇ, ಇದನ್ನು ನೋಡು" ಎಂದು ಬರೆದಿದ್ದೆಯಲ್ಲ, ಅದಕ್ಕೆ ಉತ್ತರಿಸಲು ತಡವಾಯಿತು. ಬಾಯಲ್ಲಿ ನೀರೂರಿದ್ದು ನಿಜ. ಆದರೆ ಬಲೆಗೆ ಬಿದ್ದ ಮೀನಿನಿಂದ ಕಡಲಿನ ಆರೋಗ್ಯವನ್ನು ಅಳೆಯುವುದನ್ನು ನಾನು ಒಪ್ಪಲಾರೆ.

ನಮ್ಮ ಕರಾವಳಿಯಲ್ಲಿ ಮಳೆಗಾಲ ಬಂತೆಂದರೆ, ಆಮ್ಲಜನಕ ಕಡಿಮೆಯಿರುವ ಆಳದ ತಣ್ಣನೆಯ ನೀರು ದಡದ ಕಡೆಗೆ ಮೇಲೇರಿ ಬರುತ್ತದೆ. ಅದರ ಮೇಲೆ ಹೊಳೆಗಳ ಹಗುರವಾದ ಸಿಹಿನೀರು ಮುಚ್ಚಳದಂತೆ ಕೂರುವುದರಿಂದ ಗಾಳಿಯ ಆಮ್ಲಜನಕ ತಳಕ್ಕೆ ಇಳಿಯುವುದಿಲ್ಲ. ಇಷ್ಟು ಪ್ರಕೃತಿಯದೇ ಕೆಲಸ. ಆ ಹೊಳೆಗಳಲ್ಲಿ ಗೊಬ್ಬರವನ್ನೂ ಊರಿನ ಕೊಳಚೆಯನ್ನೂ ಹರಿಯಬಿಡುವುದು ಮಾತ್ರ ನಮ್ಮ ಕೊಡುಗೆ. ಅವುಗಳಲ್ಲಿರುವ ಸಾರಜನಕ ಉಂಡು ಹುಲುಸಾಗಿ ಬೆಳೆದ ಪಾಚಿ ಸತ್ತು ತಳದಲ್ಲಿ ಕೊಳೆಯುವಾಗ, ಅಲ್ಲಿ ಉಳಿದಿದ್ದ ಆಮ್ಲಜನಕವೂ ಖರ್ಚಾಗುತ್ತದೆ. ಲೀಟರಿಗೆ 2 ಮಿಲಿಗ್ರಾಮಿಗಿಂತ ಕೆಳಗಿಳಿದರೆ ಬಹಳಷ್ಟು ಜಲಚರಗಳಿಗೆ ಉಸಿರು ಕಟ್ಟುತ್ತದೆ. ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ನಕ್ವಿ ಮತ್ತು ಸಂಗಡಿಗರು, ಪಶ್ಚಿಮ ಕರಾವಳಿಯ ತಳದ ನೀರಿನಲ್ಲಿ ಆಮ್ಲಜನಕ ಪೂರ್ತಿ ಬರಿದಾಗಿ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಹುಟ್ಟಿದ್ದನ್ನು 2000ದಲ್ಲೇ ವರದಿ ಮಾಡಿದ್ದರು. ನೆಲದಿಂದ ಬಂದ ಸಾರಜನಕ ಇದನ್ನು ತೀವ್ರಗೊಳಿಸಿರಬಹುದು ಎಂಬುದು ಅವರ ಅಭಿಪ್ರಾಯ.

ಇನ್ನು ನಿನ್ನ ಬೂತಾಯಿ ರಾಶಿಯ ವಿಷಯ. ತಳದಲ್ಲಿ ಉಸಿರು ಕಟ್ಟಿದರೆ, ಈಜಬಲ್ಲದ್ದು ಮೇಲಕ್ಕೋ ದಡಕ್ಕೋ ಬಂದು ಒತ್ತೊತ್ತಾಗಿ ಸೇರುತ್ತದೆ. ಅಮೆರಿಕದ ಮೊಬೈಲ್ ಎಂಬ ಹೆಸರಿನ ಕೊಲ್ಲಿಯಲ್ಲಿ ಬೇಸಿಗೆಯ ಕೆಲವು ರಾತ್ರಿ ಏಡಿ, ಸಿಗಡಿ, ಚಪ್ಪಟೆ ಮೀನುಗಳು ಹೀಗೆ ದಡಕ್ಕೆ ಮುತ್ತಿದಾಗ, ಜನ ಸಂಭ್ರಮದಿಂದ ಬಾಚಿಕೊಳ್ಳುತ್ತಾರೆ. ಅದಕ್ಕವರು ಇಟ್ಟ ಹೆಸರು 'ಜುಬಿಲಿ'. ಉಸಿರು ಕಟ್ಟಿ ಓಡಿಬಂದವುಗಳ ಮೇಲೆ ಹಬ್ಬ! ನಿನ್ನ ಬೂತಾಯಿಯೂ ಹಾಗೆಯೇ ಬಂದದ್ದೆಂದು ನಾನು ಹೇಳುತ್ತಿಲ್ಲ. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿದ್ದ ಈ ಮೀನು 2021ರಲ್ಲಿ 3,297 ಟನ್ನಿಗೆ ಇಳಿದಾಗ ಮಾಲಿನ್ಯವೊಂದನ್ನೇ ದೂರುವಂತಿರಲಿಲ್ಲ. ಸಮುದ್ರದ ಬಿಸಿ, ಮಿತಿಮೀರಿದ ಮೀನುಗಾರಿಕೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಇಷ್ಟು ಏರಿಳಿಯುವ ಮೀನನ್ನು ನೀನಾಗಲಿ ನಾನಾಗಲಿ ಸಾಕ್ಷಿಗೆ ಕರೆಯಬಾರದು.

ಸಾಕ್ಷಿ ಬೇಕಿದ್ದರೆ ಓಡಲಾರದವುಗಳ ಬಳಿ ಹೋಗಬೇಕು: ಅಳಿವೆಯ ಮರುವಾಯಿ ಎಂಬ ಚಿಪ್ಪುಜೀವಿ, ಬಂಡೆಗೆ ಅಂಟಿದ ಪಚ್ಚಿಲೆ ಎಂಬ ಇನ್ನೊಂದು ಚಿಪ್ಪುಜೀವಿ, ಕೆಸರಿನ ಹುಳು. ನೀರು ಕೆಟ್ಟಾಗ ಮರುವಾಯಿ ಚಿಪ್ಪು ಮುಚ್ಚಿಕೊಂಡು ಒಂದಷ್ಟು ಕಾಲ ತಡೆದೀತು, ಆಮೇಲೆ ಬಾಯಿ ತೆರೆದು ಸಾಯುತ್ತದೆ. ಅದರ ಚಿತ್ರವನ್ನು ಯಾರೂ ಕಳುಹಿಸುವುದಿಲ್ಲ.

ಮುಂದಿನ ಸಲ ಕೋಡಿ ಬೆಂಗ್ರೆಯ ಅಳಿವೆ ಕಡೆ ಹೋದಾಗ, ಮರುವಾಯಿ ಹೆಕ್ಕುವ ಹೆಂಗಸರು ಸಿಕ್ಕರೆ, ಒಂದು ಬುಟ್ಟಿ ತುಂಬಲು ಹತ್ತು ವರ್ಷದ ಹಿಂದೆ ಎಷ್ಟು ಹೊತ್ತು ಬೇಕಿತ್ತು, ಈಗ ಎಷ್ಟು ಬೇಕು ಎಂದು ಕೇಳಿ ನನಗೆ ಬರೆ.

ನಿನ್ನ ಗೆಳೆಯ