ಗೆಳೆಯನಿಗೊಂದು ಪತ್ರ: ಬೊಳ್ಳು ಈಗ ನಿಧಾನ ಉಣ್ಣುತ್ತಾನೆ

ಪ್ರೀತಿಯ ಮಾರಾಯಾ,

ನನ್ನ ಹತ್ತಿರ ಬಿಟ್ಟು ಹೋದ ನಿನ್ನ ನಾಯಿ ಬೊಳ್ಳುವಿನ ಬಗ್ಗೆ ನೀನು ಕೇಳಿದ್ದು ಒಂದೇ ಪ್ರಶ್ನೆ. "ಆ ವಿಡಿಯೋದಲ್ಲಿ ಬೊಳ್ಳು ಉರುಳಿಸ್ತಾ ಇದ್ದದ್ದು ಎಂತದು?" ವಾಟ್ಸಾಪಿನಲ್ಲಿ ಎರಡು ಸಾಲು ಬರೆದರೆ ಮುಗಿಯುತ್ತಿತ್ತು. ಆದರೆ ನಿನ್ನ ಹಾಗೆಯೇ ಇನ್ನೂ ಹತ್ತಿಪ್ಪತ್ತು ಜನ ಕೇಳಿದ್ದಾರೆ. ಪೆರ್ಲದವರು, ಬದಿಯಡ್ಕದವರು, ಮಂಜೇಶ್ವರದ ಒಬ್ಬರು ಅಕ್ಕ. ಎಲ್ಲರ ಮನೆಯಲ್ಲೂ ನಾಯಿ ಇದೆ. ಹಾಗಾಗಿ ಎಲ್ಲರೂ ಓದುವ ಹಾಗೆ ಇಲ್ಲೇ ಬರೆಯುತ್ತಿದ್ದೇನೆ.

ನೀನು ಅಬುಧಾಬಿಗೆ ಹೋಗುವ ಹಿಂದಿನ ದಿನ ಬೊಳ್ಳುವನ್ನು ನಮ್ಮ ಅಂಗಳಕ್ಕೆ ತಂದು ಬಿಟ್ಟೆಯಲ್ಲ, ಆಮೇಲೆ ಎರಡು ದಿನ ಅವನು ಏನೂ ಮುಟ್ಟಲಿಲ್ಲ. ಗೇಟಿನ ಹತ್ತಿರ ಮಲಗಿದವನು ಎದ್ದದ್ದೇ ಇಲ್ಲ. ಮೂರನೇ ದಿನ ತಿಂದ, ಆದರೆ ತಿಂದ ರೀತಿ ನೋಡಿ ನನಗೆ ಗಾಬರಿಯಾಯಿತು. ಬಟ್ಟಲು ನೆಲಕ್ಕಿಟ್ಟು ನಾನು ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಖಾಲಿ. ಒಂದು ದಿನ ಮೊಬೈಲಿನಲ್ಲಿ ಲೆಕ್ಕ ಇಟ್ಟೆ. 38 ಸೆಕೆಂಡು. ಅಗಿಯುವುದೇ ಇಲ್ಲ, ಸುಮ್ನೆ ನುಂಗುವುದು. ಆಮೇಲೆ ಕೆಮ್ಮು, ತೇಗು. ಕೆಲವು ದಿನ ತಿಂದದ್ದೆಲ್ಲ ಅಗುಳು ಅಗುಳಾಗಿಯೇ ತುಳಸಿಕಟ್ಟೆಯ ಬುಡದಲ್ಲಿ ಬಿದ್ದಿರುತ್ತಿತ್ತು. ನಿಮ್ಮ ಮನೆಯಲ್ಲಿ ಅವನು ಹೀಗೆ ತಿನ್ನುತ್ತಿರಲಿಲ್ಲ. ಅಲ್ಲಿ ನೀನು ಮೆಟ್ಟಿಲ ಮೇಲೆ ಚಾ ಕುಡಿಯುತ್ತಾ ಕೂತಿರುತ್ತಿದ್ದೆ, ಅವನು ಎರಡು ಬಾಯಿ ತಿಂದು ನಿನ್ನ ಮುಖ ನೋಡಿ ಮತ್ತೆ ತಿನ್ನುತ್ತಿದ್ದ.

ಪಶುವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಅವರು ಹೇಳಿದ್ದನ್ನು ಎಲ್ಲರೂ ಕೇಳಿಸಿಕೊಳ್ಳಬೇಕು. ಹೀಗೆ ಗಬಗಬ ನುಂಗುವಾಗ ಅನ್ನದ ಜೊತೆ ಗಾಳಿಯೂ ಹೊಟ್ಟೆಗೆ ಹೋಗುತ್ತದೆ. ದೊಡ್ಡ ಜಾತಿಯ, ಎದೆಗೂಡು ಆಳ ಇರುವ ನಾಯಿಗಳಲ್ಲಿ ಹೊಟ್ಟೆ ಉಬ್ಬಿ ಒಳಗೇ ತಿರುಚಿಕೊಳ್ಳುವ ಕಾಯಿಲೆ ಒಂದಿದೆ. ಗಬಗಬ ತಿನ್ನುವ ನಾಯಿಗಳಿಗೆ ಆ ಅಪಾಯ ಜಾಸ್ತಿ. ತಿರುಚಿಕೊಂಡರೆ ರಕ್ತದ ಓಡಾಟ ನಿಲ್ಲುತ್ತದೆ, ಆಪರೇಶನ್ ಮಾಡದಿದ್ದರೆ ನಾಯಿ ಉಳಿಯುವುದಿಲ್ಲ. ಹೊಟ್ಟೆ ಡೋಲಿನ ಹಾಗೆ ಬಿಗಿದು, ವಾಂತಿ ಮಾಡಲು ನೋಡಿ ಏನೂ ಬಾರದೆ, ಜೊಲ್ಲು ಸುರಿಸುತ್ತಾ ನಿಂತಲ್ಲಿ ನಿಲ್ಲದೆ ಒದ್ದಾಡಿದರೆ ಬೆಳಗಾಗಲಿ ಅಂತ ಕಾಯಬಾರದು. ಆ ಗಳಿಗೆಯಲ್ಲೇ ಓಡಬೇಕು. ಬೊಳ್ಳು ಅಷ್ಟು ದೊಡ್ಡವನಲ್ಲ. ಆದರೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮೊದಲು ಅಮ್ಮನ ಹಳೇ ಇಡ್ಲಿ ತಟ್ಟೆ ತೆಗೆದುಕೊಂಡೆ. ಕುಳಿ ಕುಳಿಗೆ ಸ್ವಲ್ಪ ಸ್ವಲ್ಪ ಅನ್ನ ಒತ್ತಿಟ್ಟೆ. ಇದು ನಿಜವಾಗಿ ಒಳ್ಳೆಯ ಉಪಾಯ, ದುಡ್ಡು ಹಾಕುವ ಮೊದಲು ಇಲ್ಲಿಂದ ಶುರು ಮಾಡಬಹುದು. 38 ಸೆಕೆಂಡು ನಾಲ್ಕು ನಿಮಿಷ ಆಯಿತು. ನಾಯಿತಿಂಡಿಯ ಕಾಳನ್ನು ಅಂಗಳಕ್ಕೆ ಚೆಲ್ಲಿ, ಹುಡುಕಿ ತಿನ್ನಲಿ ಅಂತ ಬಿಡುವವರೂ ಇದ್ದಾರೆ, ನಾಯಿಯ ಮೂಗಿಗೆ ಅದು ಹಬ್ಬ. ಆದರೆ ನಮ್ಮ ಅಂಗಳದ ತುಂಬ ಅಡಿಕೆ ಒಣಗುತ್ತಿತ್ತು. ಅಡಿಕೆ ನಾಯಿಗೆ ಆಗುವಂಥದ್ದಲ್ಲ. ಅದರಲ್ಲಿರುವ ಅರೆಕೊಲಿನನ್ನು ಹಿಂದೆ ನಾಯಿಗಳ ಲಾಡಿಹುಳಕ್ಕೆ ಮದ್ದಾಗಿ ಕೊಡುತ್ತಿದ್ದರು, ಭೇದಿ ಮಾಡಿಸಿ ಹುಳ ಹೊರಗೆ ಹಾಕುವ ಮದ್ದು. ಅಷ್ಟು ಖಾರದ ವಸ್ತು ಅದು. ಹಾಗಾಗಿ ಅಂಗಳ ಬೇಡ ಅಂದುಕೊಂಡೆ. ಅನ್ನವನ್ನು ಅಡಿಕೆ ಹಾಳೆಯಲ್ಲಿ ಸುತ್ತಿ ಬಾಳೆಬಳ್ಳಿಯಲ್ಲಿ ಕಟ್ಟಿ ಕೊಟ್ಟೆ, ಹಾಳೆಯನ್ನೂ ತುಂಡು ಮಾಡಿ ನುಂಗಿದ. ತೆಂಗಿನ ಗೆರಟೆಗೆ ತೂತು ಕೊರೆದು ಒಳಗೆ ಅನ್ನ ತುಂಬಿ ಕೊಟ್ಟೆ. ಅದನ್ನು ಹಲ್ಲಿನಲ್ಲೇ ಒಡೆದ, ಅಂಚು ಒಸಡಿಗೆ ತಾಗಿ ಚಾವಡಿಯ ನೆಲದಲ್ಲಿ ರಕ್ತದ ಹನಿ. ನಮ್ಮ ಊರಿನದ್ದೇ ಏನಾದರೂ ಆಗಬೇಕು ಅಂತ ನನಗೆ ಆಸೆ ಇತ್ತು. ಆ ರಕ್ತ ನೋಡಿದ ಮೇಲೆ ಸಾಕು ಅನಿಸಿತು. ಗೆರಟೆ, ಸಿಪ್ಪೆ, ಹಾಳೆ ಯಾವುದನ್ನೂ ನಾಯಿಯ ಬಾಯಿಗೆ ಕೊಡಬೇಡಿ.

ರಬ್ಬರಿನದ್ದು ತರಿಸಿದೆ. ಕಾಂಗ್ ಅಂತ ಹೆಸರು, ಮೂರು ಉಂಡೆ ಒಂದರ ಮೇಲೊಂದು ಇಟ್ಟ ಆಕಾರ, ಒಳಗೆ ಪೊಳ್ಳು. ಇದರ ಹುಟ್ಟಿನ ಕತೆ ನಿನಗೆ ಬೇಕಾದ್ದೇ. ಅಮೆರಿಕದ ಕೊಲೊರಾಡೊದಲ್ಲಿ ಜೋ ಮಾರ್ಕಮ್ ಅಂತ ಒಬ್ಬರ ಹತ್ತಿರ ಫ್ರಿಟ್ಜ್ ಎಂಬ ಜರ್ಮನ್ ಶೆಫರ್ಡ್ ಇತ್ತು. ಕಲ್ಲು ಕಚ್ಚಿ ಕಚ್ಚಿ ಹಲ್ಲು ಹಾಳು ಮಾಡಿಕೊಳ್ಳುತ್ತಿತ್ತು. ಒಂದು ದಿನ ಅವರು ಫೋಕ್ಸ್‌ವ್ಯಾಗನ್ ವ್ಯಾನು ರಿಪೇರಿ ಮಾಡುತ್ತಾ ಬಿಚ್ಚಿದ ಭಾಗಗಳನ್ನು ಎಸೆಯುತ್ತಿದ್ದಾಗ ಸಸ್ಪೆನ್ಷನ್ನಿನ ಒಂದು ರಬ್ಬರ್ ತುಂಡು ನಾಯಿಗೆ ಸಿಕ್ಕಿತು. ಮತ್ತೆ ಅದು ಕಲ್ಲಿನ ಹತ್ತಿರ ಹೋಗಲಿಲ್ಲ. 1970ರ ದಶಕದ ಮಾತು, 1976ರಲ್ಲಿ ಅದೇ ಒಂದು ಕಂಪನಿಯಾಯಿತು. ಓದುವಾಗ ನಿಮ್ಮ ಬಾವಿಕಟ್ಟೆಯ ಕೆಂಪು ಮುರಕಲ್ಲು ನೆನಪಾಯಿತು. ಬೊಳ್ಳು ಅದನ್ನು ಕಚ್ಚಿ ಬಾಯೆಲ್ಲ ಕೆಂಪು ಮಾಡಿಕೊಂಡು ಬಂದಾಗ ನಿನ್ನ ಅಜ್ಜಿ "ಇವ ವೀಳ್ಯ ತಿಂದು ಬಂದ" ಅಂದಿದ್ದರಲ್ವಾ?

ಅದರ ಜೊತೆಗೆ ಇನ್ನೊಂದು ಚೆಂಡು ತರಿಸಿದೆ. ಒಂದು ಬದಿಗೆ ತೂತು, ಒಳಗೆ ಕಾಳು ಹಾಕಿದರೆ ಉರುಳಿದಾಗ ಒಂದೋ ಎರಡೋ ಹೊರಗೆ ಬೀಳುತ್ತದೆ. ವಿಡಿಯೋದಲ್ಲಿ ನೀನು ಕಂಡದ್ದು ಅದು. ಮೊದಲ ದಿನ ಬೊಳ್ಳು ಅದನ್ನು ನೋಡಿ ಬೊಗಳಿದ. ಮೂಸಿದ. ಸುತ್ತ ಎರಡು ಸುತ್ತು ಬಂದ. ಮುಂಗಾಲಿನಲ್ಲಿ ಒಂದು ಏಟು ಕೊಟ್ಟ, ಚೆಂಡು ಕಾವಿ ನೆಲದಲ್ಲಿ ಗಡಗಡ ಉರುಳಿ ಹೊಸ್ತಿಲಿಗೆ ಬಡಿದು ನಿಂತಿತು, ಹಿಂದೆ ಮೂರು ಕಾಳು ಬಿದ್ದಿದ್ದವು. ಅವನು ಕಾಳು ನೋಡಿದ, ಚೆಂಡು ನೋಡಿದ, ನನ್ನನ್ನು ನೋಡಿದ. ಹಣೆಯ ಚರ್ಮ ಮಡಿಚಿ ಎರಡು ಗೆರೆ ಆಯಿತು. ಮಾರಾಯಾ, ಆ ಮುಖ ನೀನು ನೋಡಬೇಕಿತ್ತು. ವಾರದೊಳಗೆ ಮೂಗಿನಿಂದಲೇ ತೂತು ಕೆಳಗೆ ಬರುವ ಹಾಗೆ ತಿರುಗಿಸಲು ಕಲಿತ. ಈಗ ಗೋಡೆಯ ಮೂಲೆಗೆ ತಳ್ಳಿಕೊಂಡು ಹೋಗಿ ಅಲ್ಲೇ ಕೆಲಸ ಮಾಡುತ್ತಾನೆ, ಅಲ್ಲಿ ಚೆಂಡು ಓಡಿಹೋಗುವುದಿಲ್ಲ ಅಂತ ಗೊತ್ತಾಗಿದೆ. ಊಟಕ್ಕೆ ಈಗ ಇಪ್ಪತ್ತು ನಿಮಿಷ. ತುಳಸಿಕಟ್ಟೆಯ ಬುಡ ತೊಳೆಯುವ ಕೆಲಸ ಇಲ್ಲ.

ಇದು ಬರೇ ನಮ್ಮ ಬೊಳ್ಳುವಿನ ಸ್ವಭಾವ ಅಲ್ಲವಂತೆ. 1963ರಲ್ಲಿ ಗ್ಲೆನ್ ಜೆನ್ಸನ್ ಎಂಬ ವಿಜ್ಞಾನಿ ಇಲಿಗಳ ಮುಂದೆ ಒಂದು ಬಟ್ಟಲಲ್ಲಿ ತಿಂಡಿ ಸುಮ್ನೆ ಇಟ್ಟು, ಪಕ್ಕದಲ್ಲಿ ಒತ್ತಿದರೆ ಅದೇ ತಿಂಡಿ ಬೀಳುವ ಸನ್ನೆಕೋಲನ್ನೂ ಇಟ್ಟರು. ಬಟ್ಟಲು ತುಂಬಿದ್ದರೂ ಇಲಿಗಳು ಕೋಲು ಒತ್ತಿ ತಿನ್ನಲು ಹೋದವು. ಆಮೇಲೆ ಪಾರಿವಾಳ, ಕೋಳಿಗಳಲ್ಲೂ ಇದನ್ನೇ ಕಂಡರು. ಬೆಕ್ಕು ಮಾತ್ರ ಹೆಚ್ಚಾಗಿ ಬಟ್ಟಲಿಗೇ ಹೋಗುತ್ತದೆ. ನಿಮ್ಮ ಮನೆಯ ಬೆಕ್ಕನ್ನು ಬಲ್ಲ ನನಗೆ ಇದರಲ್ಲಿ ಆಶ್ಚರ್ಯ ಇಲ್ಲ.

ಕೇಳಿದವರಿಗೆ ನಾನು ಕಲಿತದ್ದನ್ನು ಹೇಳುತ್ತೇನೆ. ಆಟಿಕೆ ಬಾಯೊಳಗೆ ಪೂರ್ತಿ ಹೋಗದಷ್ಟು ದೊಡ್ಡದಿರಬೇಕು. ಉಗುರಿನಿಂದ ಒತ್ತಿದರೆ ಸ್ವಲ್ಪವಾದರೂ ತಗ್ಗಬೇಕು, ತಗ್ಗದಷ್ಟು ಗಟ್ಟಿಯಾದರೆ ಹಲ್ಲು ಒಡೆಯುತ್ತದೆ. ಒಳಗೆ ನಾಲಿಗೆ ಹಾಕಿ ನೆಕ್ಕುವಂಥದ್ದಾದರೆ ಎರಡು ಕಡೆ ತೂತು ಬೇಕೇ ಬೇಕು. ಒಂದೇ ತೂತಿದ್ದರೆ ಒಳಗಿನ ಗಾಳಿ ಎಳೆದುಕೊಂಡು ನಾಲಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಮೊದಲ ದಿನಗಳಲ್ಲಿ ಸುಲಭವಾಗಿ ಬೀಳುವ ಹಾಗೆ ತುಂಬಿ. ಮೊದಲೇ ಕಷ್ಟ ಮಾಡಿದರೆ ನಾಯಿ ಬೇಜಾರಾಗಿ ಬಿಟ್ಟು ಹೋಗುತ್ತದೆ. ನಾನು ಕಾಂಗಿನೊಳಗೆ ಕುಚ್ಚಲಕ್ಕಿ ಅನ್ನ, ಮೊಸರು, ಬೇಯಿಸಿದ ಚೀನಿಕಾಯಿ (ಸಿಹಿಕುಂಬಳ), ಒಂದೊಂದು ದಿನ ಮೊಟ್ಟೆ ಹಾಕಿ ಬಾಯಿಗೆ ಬಾಳೆಹಣ್ಣು ಮೆತ್ತಿ ಫ್ರಿಜ್ಜಿನ ಮಂಜಿನ ಖಾನೆಯಲ್ಲಿ ಇಡುತ್ತೇನೆ. ಉಪ್ಪಿಲ್ಲ, ನೀರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ. ದ್ರಾಕ್ಷಿ, ಒಣದ್ರಾಕ್ಷಿ, ಚಾಕಲೇಟು ನಾಯಿಗೆ ವಿಷ. ಪೀನಟ್ ಬಟರ್ ಹಾಕುವವರು ಡಬ್ಬಿಯ ಮೇಲೆ ಕ್ಸೈಲಿಟಾಲ್ (ಸಕ್ಕರೆಯ ಬದಲು ಹಾಕುವ ಒಂದು ಸಿಹಿ) ಅಂತ ಬರೆದಿದೆಯಾ ನೋಡಿ, ಇದ್ದರೆ ಮುಟ್ಟಿಸಲೇಬೇಡಿ. ಒಳಗೆ ತುಂಬಿದ್ದನ್ನು ಊಟದ ಲೆಕ್ಕದಿಂದ ಕಳೆಯಿರಿ, ಇಲ್ಲದಿದ್ದರೆ ನಾಯಿ ದಪ್ಪವಾಗುತ್ತದೆ. ದಿನಾ ತೊಳೆಯಿರಿ. ನಮ್ಮ ಕಡೆಯ ಇರುವೆ ನಿಮಗೆ ಗೊತ್ತಲ್ಲ. ಮಗುವಿನ ಹಾಲಿನ ಬಾಟಲಿ ತೊಳೆಯುವ ಬ್ರಶ್ ಇದಕ್ಕೆ ಸರಿಯಾಗುತ್ತದೆ. ಮನೆಯಲ್ಲಿ ಎರಡು ನಾಯಿ ಇದ್ದರೆ ಬೇರೆ ಬೇರೆ ಕೋಣೆಯಲ್ಲಿ ಕೊಡಿ.

ಇಲ್ಲಿಗೆ ನಿಲ್ಲಿಸಬೇಕೆಂದಿದ್ದೆ.

ನೀನು ಪ್ರತಿ ಭಾನುವಾರ ವಿಡಿಯೋ ಕಾಲ್ ಮಾಡುತ್ತೀಯಲ್ಲ, ನಿನ್ನಲ್ಲಿ ಮೂರೂವರೆ, ನಮ್ಮಲ್ಲಿ ಐದು. ಮೊದಲ ತಿಂಗಳುಗಳಲ್ಲಿ ನಿನ್ನ ದನಿ ಕೇಳಿದ ಕೂಡಲೇ ಬೊಳ್ಳು ಮೊಬೈಲಿನ ಹಿಂದೆ ಹುಡುಕುತ್ತಿದ್ದ, ಆಮೇಲೆ ಮಂಚದ ಅಡಿ, ಆಮೇಲೆ ಹಟ್ಟಿ. ಕಾಲ್ ಮುಗಿದ ಮೇಲೆ ಗೇಟಿನ ಹತ್ತಿರ ಹೋಗಿ ಮಲಗುತ್ತಿದ್ದ. ರಾತ್ರಿ ಊಟ ಬೇಡ. ಮಳೆ ಬಂದರೂ ಏಳುತ್ತಿರಲಿಲ್ಲ, ನಾನು ಕೊಡೆ ಹಿಡಿದು ಹೋಗಿ ಎತ್ತಿಕೊಂಡು ಬರುತ್ತಿದ್ದೆ. ಇದನ್ನು ನಿನಗೆ ಹೇಳಲಿಲ್ಲ. ಹೇಳಿದರೆ ನೀನು ಅಲ್ಲಿ ಕೂತು ಏನು ಮಾಡುತ್ತಿದ್ದೆ? ಹಾಗಾಗಿ ಒಂದು ಭಾನುವಾರ, ಐದಕ್ಕೆ ಐದು ನಿಮಿಷ ಇರುವಾಗ, ಮಂಜುಗಟ್ಟಿದ ಕಾಂಗನ್ನು ಅವನ ಮುಂದೆ ಇಟ್ಟೆ. ಅವನು ನೆಕ್ಕುತ್ತಾ ಕೂತ. ನಿನ್ನ ದನಿ ಬಂದಾಗ ಒಮ್ಮೆ ತಲೆ ಎತ್ತಿ ಮತ್ತೆ ನೆಕ್ಕಿದ. ರಾತ್ರಿ ಊಟ ಮಾಡಿದ. ನನಗೆ ಎಷ್ಟು ಸಮಾಧಾನ ಆಯಿತು ಗೊತ್ತಾ!

ಅಲ್ಲಿಂದ ಪ್ರತಿ ಭಾನುವಾರ ಹಾಗೇ ಮಾಡಿದೆ. ಕಳೆದ ತಿಂಗಳು ನೀನು "ಮುಂದಿನ ವರ್ಷ ಊರಿಗೇ ಬಂದುಬಿಡ್ತೇನೆ, ಬೊಳ್ಳುವನ್ನು ಕರ್ಕೊಂಡು ಹೋಗ್ತೇನೆ" ಅಂದೆ. ನಾನು ಹುಂ ಅಂದೆ. ಅದರ ಮುಂದಿನ ಭಾನುವಾರ ಕಾಂಗಿನೊಳಗೆ ಎರಡು ಮೊಟ್ಟೆ ಹಾಕಿದ್ದೆ. ನೀನು "ಇಡೆ ಬಲ ಬೊಳ್ಳು, ಇಡೆ ಬಲ" (ಇಲ್ಲಿ ಬಾ) ಅಂತ ಕರೆದೆ. ನಾನು ಅವನ ಹತ್ತಿರ ಕನ್ನಡ ಮಾತಾಡುತ್ತೇನೆ, ತುಳುವಿನಲ್ಲಿ ಕರೆಯುವವನು ನೀನೊಬ್ಬನೇ. ಅವನ ಎಡ ಕಿವಿ ತಿರುಗಿತು. ಕೇಳಿಸಿತ್ತು ಮಾರಾಯಾ, ಸರಿಯಾಗಿ ಕೇಳಿಸಿತ್ತು. ಕಿವಿ ಹಾಗೇ ನಿನ್ನ ಕಡೆ ಇತ್ತು, ನಾಲಿಗೆ ಮಾತ್ರ ನಿಲ್ಲಲಿಲ್ಲ. ನೀನು ಮೂರನೇ ಸಲ ಕರೆದಾಗ ನಾನು "ನೆಟ್‌ವರ್ಕ್ ಇಲ್ಲ" ಅಂತ ಹೇಳಿ ಕಾಲ್ ಕಟ್ ಮಾಡಿದೆ. ನೆಟ್‌ವರ್ಕ್ ಚೆನ್ನಾಗಿಯೇ ಇತ್ತು.

ನನಗೆ ಸಂತೋಷ ಆಗಿತ್ತು. ಅದನ್ನು ಹೇಳದೆ ಈ ಪತ್ರ ಪೂರ್ತಿ ಆಗುವುದಿಲ್ಲ. ಅವನು ಏಳಲಿಲ್ಲ ಅಂತ ಸಂತೋಷ ಆಯಿತು. ಆ ರಾತ್ರಿ ಪಾತ್ರೆ ತೊಳೆಯುವಾಗ ಬ್ರಶ್ ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತಿದ್ದೆ. ಅವನ ಸಂಕಟಕ್ಕೆ ಅಂತ ಕೊಟ್ಟದ್ದು ಯಾವ ಭಾನುವಾರದಿಂದ ನನಗೋಸ್ಕರ ಆಯಿತು ಅಂತ ಎಷ್ಟು ಯೋಚಿಸಿದರೂ ಗೊತ್ತಾಗಲಿಲ್ಲ. ಅವನನ್ನು ಬಿಟ್ಟುಕೊಡಲು ನನಗೆ ಆಗುತ್ತಿಲ್ಲ. ನಾಲ್ಕು ವರ್ಷ ನೀನು ಸಾಕಿದ ನಾಯಿ, ಹೆಸರಿಟ್ಟದ್ದು ನೀನು, ನನಗೆ ಇದು ಗೊತ್ತಿದೆ. ಆದರೂ.

ಈ ಭಾನುವಾರ ಕಾಂಗ್ ಕೊಡುವುದಿಲ್ಲ. ಮೊಬೈಲನ್ನು ನೆಲದಲ್ಲಿ ಇಡುತ್ತೇನೆ, ಅವನ ಮುಖದ ಹತ್ತಿರ. ನೀನು ತುಳುವಿನಲ್ಲಿ ಕರೆ. ಅವನು ಹಟ್ಟಿಗೆ ಓಡಿದರೆ ನಾನೂ ಹಿಂದೆಯೇ ಓಡಿ ನಿನಗೆ ತೋರಿಸುತ್ತೇನೆ. ಗೇಟಿನ ಹತ್ತಿರ ಮಲಗಿದರೆ ಪಕ್ಕದಲ್ಲಿ ಕೂರುತ್ತೇನೆ.

ಸರಿ, ಇಷ್ಟೆಲ್ಲ ಬರೆಯಲು ಕೂತದ್ದಲ್ಲ. ಬಿಸು ಹಬ್ಬಕ್ಕೆ ಬರುವಾಗ ಖರ್ಜೂರ ಕಡಿಮೆ ತಂದರೂ ಅಡ್ಡಿಯಿಲ್ಲ, ಒಂದು ಕಪ್ಪು ಬಣ್ಣದ ಕಾಂಗ್ ತಾ, ದೊಡ್ಡ ಅಳತೆಯದ್ದು. ಕೆಂಪಿನದ್ದಕ್ಕಿಂತ ಅದು ಗಟ್ಟಿ, ಜೋರಾಗಿ ಕಚ್ಚುವವರಿಗೆ ಅಂತಲೇ ಮಾಡಿದ್ದು. ಕೆಂಪಿನದ್ದರ ಬಾಯಿಯ ಅಂಚು ಆಗಲೇ ಹರಿಯಲು ಶುರುವಾಗಿದೆ. ತುಂಡು ನುಂಗಿದರೆ ಕಷ್ಟ, ಎಸೆಯಬೇಕು.

ಈಗ ಚೆಂಡು ಕಪಾಟಿನ ಅಡಿಗೆ ಹೋಗಿದೆ. ಅವನು ಬಂದು ನನ್ನ ಮೊಣಕಾಲಿಗೆ ಗಲ್ಲ ಇಟ್ಟು ನಿಂತಿದ್ದಾನೆ, ಬೊಗಳುವುದಿಲ್ಲ, ಉಸಿರು ಮಾತ್ರ ಬಿಸಿ ಬಿಸಿಯಾಗಿ ತಾಗುತ್ತಿದೆ. ನೀನು ಬಿಟ್ಟು ಹೋದ ಕೊಡೆಯ ಕೊಕ್ಕೆಯಲ್ಲೇ ಅದನ್ನು ಎಳೆಯುವುದು. ಎಳೆದು ಕೊಟ್ಟು ಬರುತ್ತೇನೆ.

ನಿನ್ನ,
ಪೆರ್ಲದವನು