ಹೆಸರು ಉಳಿಸಿಕೊಂಡ ಪೇಟೆ

ಪ್ರೀತಿಯ ಗೆಳೆಯ,

ಫೋನಿನಲ್ಲಿ ಕೇಳಿದೆಯಲ್ಲ, "ನಮ್ಮ ಪೇಟೆ ಹಾಗೇ ಇದೆಯೇನೋ?" ಅಂತ. ಬಾಯಿಗೆ ಬಂದದ್ದು ಹೇಳಬಾರದೆಂದು ಶನಿವಾರ ಬೆಂಗಳೂರಿನ ಹಳೇ ಪೇಟೆಯಲ್ಲಿ ಒಂದು ಸುತ್ತು ಹಾಕಿ ಬಂದೆ.

ಕಂಡಕ್ಟರ್ "ಮೈಸೂರ್ ಬ್ಯಾಂಕ್, ಮೈಸೂರ್ ಬ್ಯಾಂಕ್" ಎಂದು ಕೂಗಿ ಇಳಿಸಿದ. ಆ ಬ್ಯಾಂಕು 2017ರಲ್ಲೇ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಕರಗಿಹೋಯಿತು, ಕಂಡಕ್ಟರ್‌ಗೆ ಯಾರೂ ಹೇಳಿಲ್ಲ! ಅದಕ್ಕೂ ಹಿಂದೆ ಅಲ್ಲಿ ಹಳೇ ಕೋಟೆಯ ಯಲಹಂಕ ಬಾಗಿಲಿತ್ತು. ಪೂರ್ವಕ್ಕೆ ಹಲಸೂರು ಬಾಗಿಲು. ಬಾಗಿಲು ಎಂದೋ ಬಿತ್ತು, ಪೊಲೀಸ್ ಠಾಣೆ ಮಾತ್ರ ಇವತ್ತಿಗೂ ಹಲಸೂರು ಗೇಟ್ ಠಾಣೆಯೇ.

ದೊಡ್ಡಪೇಟೆಯನ್ನು ಈಗ ಅವೆನ್ಯೂ ರಸ್ತೆ ಅನ್ನದೆ ವಿಧಿಯಿಲ್ಲ. ಅದು ಚಿಕ್ಕಪೇಟೆಯನ್ನು ದಾಟುವ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತೆ. 1537ರಲ್ಲಿ ಊರು ಕಟ್ಟುವಾಗ ಕೆಂಪೇಗೌಡರು ಇಲ್ಲಿಂದಲೇ ನಾಲ್ಕು ದಿಕ್ಕಿಗೆ ನೇಗಿಲು ಹೂಡಿಸಿದರು ಅಂತ ಹೇಳ್ತಾರೆ. ನಾನು ನಿಂತದ್ದು ಎರಡು ನಿಮಿಷ, ಬೈಸಿಕೊಂಡದ್ದು ಮೂರು ಸಲ. ಒಮ್ಮೆ ಕೈಗಾಡಿಯವನಿಂದ, ಎರಡು ಸಲ ಸ್ಕೂಟರಿನವರಿಂದ. ಎತ್ತುಗಳು ಈ ಕಡೆ ಬಂದರೆ ಒಂದು ಸಾಲೂ ಹೊಡೆಯಲಾರವು.

ಅಕ್ಕಿಪೇಟೆ, ರಾಗಿಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ. ಕಸುಬು, ಕುಲ, ಸರಕು ಎಲ್ಲ ಹೆಸರಿನಲ್ಲೇ. ಕುಂಬಾರಪೇಟೆಯಲ್ಲಿ ಕುಂಬಾರನ ತಿಗರಿ ಹುಡುಕಬೇಡ. ಬಳೇಪೇಟೆಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ವೀಣೆ, ತಬಲ, ಹಾರ್ಮೋನಿಯಂ. ಅರಳೆಪೇಟೆಯನ್ನು ಯಾರೋ ಪುಣ್ಯಾತ್ಮರು ಇಂಗ್ಲಿಷಿಗೆ ತರ್ಜುಮೆ ಮಾಡಿ ಕಾಟನ್‌ಪೇಟೆ ಮಾಡಿಟ್ಟರು. ಪೇಟೆ ಅನ್ನುವುದನ್ನು ಹಾಗೇ ಬಿಟ್ಟರಲ್ಲ, ಅದೇ ಪುಣ್ಯ.

ಬದಲಾಗದ್ದು ಕರಗ. ಚೈತ್ರ ಹುಣ್ಣಿಮೆಯ ನಡುರಾತ್ರಿ ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ದ್ರೌಪದಿಯ ಕರಗ ಹೊರಡುತ್ತದೆ. ಸೀರೆ, ಬಳೆ ತೊಟ್ಟ ಅರ್ಚಕರ ತಲೆಯ ಮೇಲೆ ಮಲ್ಲಿಗೆಯ ಗೋಪುರ, ಸುತ್ತ ಕತ್ತಿ ಹಿಡಿದ ವೀರಕುಮಾರರು, "ಗೋವಿಂದಾ" ಎಂಬ ಕೂಗು. ನೆನಪಿದೆಯಾ, ನಿಮ್ಮಜ್ಜಿ ಜಗಲಿಯ ಮೇಲೆ ನಮ್ಮಿಬ್ಬರನ್ನೂ ಹಿಡಿದು ಕೂರಿಸಿ, ನಿದ್ದೆ ತೂಗಿದಾಗಲೆಲ್ಲ ತೊಡೆ ಚಿವುಟುತ್ತಿದ್ದುದು? ಕರಗ ಕಂಡಾಗ ಅವರು ಅಳುತ್ತಿದ್ದರು. ನಮಗೆ ಯಾಕೆಂದು ತಿಳಿಯುತ್ತಿರಲಿಲ್ಲ, ಮಲ್ಲಿಗೆ ವಾಸನೆಗೆ ಸೀನು ಬರುತ್ತಿತ್ತು ಅಷ್ಟೆ. ಕರಗ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ ಬರುತ್ತದೆ, ಈಗಲೂ.

ನಿಮ್ಮ ಮನೆಯ ಜಗಲಿ ಇಲ್ಲ ಕಣೋ. ಆ ಜಾಗದಲ್ಲಿ ಮೂರಂತಸ್ತಿನ ಗೋದಾಮು. ಫೋಟೋ ತೆಗೆದೆ, ಕಳಿಸಲು ಮನಸ್ಸಾಗಲಿಲ್ಲ.

ಮುಂದಿನ ಚೈತ್ರಕ್ಕೆ ರಜೆ ಹಾಕಿ ಬಾ. ದರ್ಗಾದ ಮುಂದೆ ಕಾಯುತ್ತಿರುತ್ತೇನೆ. ಆಟೋದವನಿಗೆ ಮಾತ್ರ ಅರಳೆಪೇಟೆ ಅನ್ನಬೇಡ, ಮೀಟರಿನ ಮೇಲೆ ಇನ್ನೂ ಹೆಚ್ಚು ಕೇಳ್ತಾನೆ.

ನಿನ್ನ,
ಪೇಟೆ ಗೆಳೆಯ