ಶಾಲೆಯ ಹಳೆಯ ನೆನಪುಗಳು ಬೇಕಾಗಿವೆ

ಎಲ್ಲರಿಗೂ ನಮಸ್ಕಾರ. ನಮ್ಮ ಕುಮಟೆ ಹೈಸ್ಕೂಲಿನ ಇತಿಹಾಸದ ಪುಸ್ತಕಕ್ಕೆ ಬರಹ, ಫೋಟೊ ಬರುವ ಭಾನುವಾರದೊಳಗೆ ಇಲ್ಲೇ ಹಾಕಿ.

ಕಟ್ಟಡ, ಕಮಿಟಿ ವಿಷಯ ಕಡತದಲ್ಲಿ ಸಿಗುತ್ತದೆ, ಅದು ಬೇಡ. ಮಾಸ್ತರು, ಅಕ್ಕೋರುಗಳ ಬಗ್ಗೆ ಬರೆಯಿರಿ. ‘ತುಂಬಾ ಒಳ್ಳೆಯವರು’ ಅಂತ ಸುಮ್ನೆ ಬರೆದರೆ ಸಾಲದು. ಏನು ಕಲಿಸಿದರು, ಯಾವುದಕ್ಕೆ ಬೈದರು, ಅದು ಬೇಕು. ಗೋಕರ್ಣದ ಭದ್ರಕಾಳಿ ಹೈಸ್ಕೂಲಿನಲ್ಲಿ ಗೌರೀಶ ಕಾಯ್ಕಿಣಿಯವರು ಮಾಸ್ತರಾಗಿದ್ದರು. ಅವರ ಕೈಯಲ್ಲಿ ಕಲಿತವರು ಗುಂಪಿನಲ್ಲಿದ್ದರೆ ದಯವಿಟ್ಟು ಬರೆಯಿರಿ. ದಿನಕರ ದೇಸಾಯಿಯವರು 1953ರಲ್ಲಿ ಕಟ್ಟಿದ ಕೆನರಾ ವೆಲ್ಫೇರ್ ಟ್ರಸ್ಟಿನ ಶಾಲೆಗಳಲ್ಲಿ ಓದಿದವರೂ ಸೇರಿಕೊಳ್ಳಬಹುದು. ಹೋಲಿಸಿ ನೋಡಲು ಚೆನ್ನಾಗಿರುತ್ತದೆ.

ಅಘನಾಶಿನಿಯ ತಾರಿ ದಾಟಿ ಬರುತ್ತಿದ್ದವರು, ಆಷಾಢದ ಮಳೆಯಲ್ಲಿ ಪಾಟಿಚೀಲವನ್ನು ಕಂಬಳಿಕೊಪ್ಪೆಯೊಳಗೆ ಅವುಚಿಕೊಂಡು ಬಂದವರು, ಗ್ಯಾದರಿಂಗಿನಲ್ಲಿ ಯಕ್ಷಗಾನದ ವೇಷ ಕಟ್ಟಿದವರು, ನಿಮ್ಮದೇ ಜಾಸ್ತಿ ಬೇಕು. ಕಿರೀಟ ಜಾರಿದ್ದನ್ನೂ ಬಿಡಬೇಡಿ.

1956ರ ನವೆಂಬರ್‌ವರೆಗೆ ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು, ಅಲ್ವಾ? ಆ ಕಾಲದ ಸರ್ಟಿಫಿಕೇಟು ಅಜ್ಜನ ಪೆಟ್ಟಿಗೆಯಲ್ಲಿದ್ದರೆ ಬೆಳಕಿನಲ್ಲಿಟ್ಟು ಫೋಟೊ ತೆಗೆಯಿರಿ.

ಹೆಸರು, ಹತ್ತನೆಯ ತರಗತಿ ಮುಗಿಸಿದ ವರ್ಷ ಬರೆಯಲು ಮರೆಯಬೇಡಿ. ಟೈಪ್ ಮಾಡಲು ಬಾರದಿದ್ದರೆ ವಾಯ್ಸ್ ಕಳಿಸಿ, ನಾವು ಬರೆದುಕೊಳ್ಳುತ್ತೇವೆ. ಅಲ್ಲಿಯವರೆಗೆ ಗುಡ್ ಮಾರ್ನಿಂಗ್ ಚಿತ್ರ ಬೇಡ ಮಾರಾಯ್ರೆ, ಅದರ ನಡುವೆ ಹಳೇ ಫೋಟೊ ಹುಡುಕುವುದೇ ಕಷ್ಟ.